ಐದಕ್ಕೆ ಐದು

ಜಹೀರ ಸರ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆರೋಗ್ಯ ಮಾಹಿತಿಯ ಕೌಂಟರಿಗೆ ಕೂತಮೇಲೆ ಯಾವ ವಿದ್ಯಾರ್ಥಿಯೂ ಬರಿಗೈಯಲ್ಲಿ ಹೋದದ್ದಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ಕಲ್ಲು, ಏನೇ ಕೇಳಲಿ, ನಂಬುವಂಥ ಪುಸ್ತಕ ಹುಡುಕಿ ತೆಗೆದುಕೊಡುವರು. ಕೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡುತ್ತಿರಲಿಲ್ಲ. ಪಾಪ, ಅದನ್ನೇ ಅವರು ದೊಡ್ಡ ಸೌಜನ್ಯವೆಂದು ನಂಬಿದ್ದರು.

ಕೋಮಲ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದು, ಈ ಸೇವೆಯ ಗುಣಮಟ್ಟವನ್ನು ಓದುಗರು ಹೇಗೆ ಅಳೆಯುತ್ತಾರೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳತೊಡಗಿದಳು. ಎಲ್ಲರೂ ಐದಕ್ಕೆ ಐದು ಕೊಟ್ಟರು. "ಸರ್ ಏನೂ ಕೆದಕಿ ಕೇಳೂದಿಲ್ರಿ" ಎಂಬುದೇ ಎಲ್ಲರ ಹೊಗಳಿಕೆ. ಜಹೀರ ಸರ್ ಕೆಲಸದಲ್ಲಿ ಮುಳುಗಿದವರಂತೆ ನಟಿಸುತ್ತ ಕಿವಿಯನ್ನು ಅಲ್ಲೇ ಇಟ್ಟಿದ್ದರು.

ಅಗರಖೇಡದ ಪ್ರಜ್ಞಾ ಬಂದಳು. ಅವ್ವನ ತೋಳಿನಲ್ಲಿ ನೋವಿಲ್ಲದ ಗಂಟಿದೆ ಎಂದು ಹೋದ ವರ್ಷ ಕೇಳಿದ್ದ ಹುಡುಗಿ. ಕೊಬ್ಬಿನ ಗಂಟಿರಬಹುದು, ಸಾಮಾನ್ಯವಾಗಿ ಅಪಾಯವಿಲ್ಲ, ಬೆಳೆದರೆ ಡಾಕ್ಟರಿಗೆ ತೋರಿಸಿ ಎಂಬ ಪುಟವನ್ನು ಸರ್ ಝೆರಾಕ್ಸ್ ಮಾಡಿಸಿ ಕೊಟ್ಟಿದ್ದರು.

"ಐದಕ್ಕ ಐದು ಬರಕೋರಿ" ಎಂದಳು ಪ್ರಜ್ಞಾ.

"ಅವ್ವ ಹ್ಯಾಂಗದಾರ ತಂಗಿ?" ಜಹೀರ ಸರ್ ತಡೆಯಲಾರದೆ ಕೇಳಿದರು.

"ಇನ್ನ ಭಾಳ ದಿನ ಇಲ್ಲಂತ ಡಾಕ್ಟರು ಅಂದಾರ್ರಿ ಸರ್. ಗಂಟು ತೋಳಿನ್ಯಾಗ ಇದ್ದಿದ್ದಿಲ್ರಿ, ಎದಿಯಾಗ ಇತ್ತು. ನಿಮ್ಮ ಮುಂದ ಹ್ಯಾಂಗ ಹೇಳ್ಲಿ? ಅದಕ್ಕ ತೋಳು ಅಂದ್ನಿ. ಹಾಳಿ ಓದಿ ಹೇಳಿದ್ಮ್ಯಾಲ ಅವ್ವ, ಬ್ಯಾನಿ ಇಲ್ಲಲ್ಲ ಬಿಡು ಅಂತ ಸುಮ್ಮನಾದ್ಲು. ನೀವು ಕೊಟ್ಟಿದ್ದು ಖರೇನ ಇತ್ರಿ. ನಿಮ್ದೇನೂ ತಪ್ಪಿಲ್ಲ."

ಕೋಮಲ ಐದು ಎಂದೇ ಬರೆದುಕೊಂಡಳು. ಜಹೀರ ಸರ್‌ಗೆ ಹುಡುಗಿ ಬಾಯಿಗೆ ಬಂದಂತೆ ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆ ಕೌಂಟರಿಗೆ ಒಬ್ಬ ಹೆಣ್ಣುಮಗಳನ್ನು ಹಾಕಿರೆಂದು ಅವರು ಮೇಲಿನವರ ಹತ್ತಿರ ಹೋಗಿ ಅಂಗಲಾಚಿದರು. ಕೋಮಲಳ ಸಮೀಕ್ಷೆ ಅಷ್ಟರಲ್ಲಿ ಆ ಮೇಲಿನವರ ಮೇಜಿಗೆ ಬಂದಿತ್ತು. "ಇಷ್ಟ ಛಲೋ ಹೆಸರು ಬಂದೈತಿ, ಈಗ್ಯಾಕ ಬದ್ಲಿ ಮಾಡೂದ್ರಿ?" ಎಂದು ಅವರು ಚಹಾ ಕುಡಿಸಿ ಕಳಿಸಿದರು.

ಮುಂದಿನ ವಾರ ಮುದ್ದೇಬಿಹಾಳದ ಕಡೆಯ ಹುಡುಗಿಯೊಬ್ಬಳು ಬಂದು, ಅಕ್ಕನ ಭುಜದ ಮೇಲೆ ಗಂಟಾಗಿದೆ, ಓದಲು ಏನಾದರೂ ಕೊಡಿ ಎಂದಳು. ಜಹೀರ ಸರ್‌ಗೆ ಪ್ರಜ್ಞಾ ನೆನಪಾದಳು.

"ಭುಜದ ಮ್ಯಾಲೇನಾ ತಂಗಿ? ಬ್ಯಾರೆ ಕಡೆ ಇದ್ರೂ ಹೇಳು, ನಾಚಬ್ಯಾಡ" ಎಂದರು, ಆದಷ್ಟು ಮೆತ್ತಗೆ.

ಹುಡುಗಿಯ ಮುಖ ಕೆಂಪಾಯಿತು. ದುಪಟ್ಟಾ ಸರಿಮಾಡಿಕೊಂಡಳು. "ಇರ್ಲಿ ಬಿಡ್ರಿ ಸರ್" ಎಂದು ತಿರುಗಿ ನಡೆದಳು.

"ದವಾಖಾನಿಗೆ ಕರಕೊಂಡು ಹೋಗವಾ" ಎಂದು ಅವರು ಬಾಗಿಲವರೆಗೆ ಹಿಂದೆಯೇ ಹೋದರು. ಅವಳು ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ಆಮೇಲೆ ಅವಳು ಆ ಕಡೆ ಸುಳಿಯಲೇ ಇಲ್ಲ.