ತಳ್ಳಬಾರದ ಕಾರು

ಕಂಪನಿಯ ಸಂದೇಶ ನಮ್ಮ ಕಟ್ಟಡದ ಐದು ಫೋನುಗಳಿಗೆ ಒಂದೇ ನಿಮಿಷದಲ್ಲಿ ಬಂತು. ನಾನಾಗ ಯಾರದೋ ಕೆಳದವಡೆಯ ಹಲ್ಲಿನ ಸೆಟ್ಟಿಗೆ ಬಣ್ಣ ಹೊಂದಿಸುತ್ತಾ ಕೂತಿದ್ದೆ. ಅದು ನನ್ನ ಕಸುಬು. ಪಕ್ಕದಲ್ಲಿದ್ದ ಫೋನು ಗುಂಯ್ ಅಂದದ್ದಕ್ಕೆ ಒಂದು ಕೋರೆಹಲ್ಲು ಸ್ವಲ್ಪ ಹೆಚ್ಚೇ ಹಳದಿಯಾಯಿತು.

‘ಮಾನ್ಯ ಗ್ರಾಹಕರೇ, ನಿಮ್ಮ ಕಾರಿನ ಬ್ಯಾಟರಿಯನ್ನು ಇನ್ನಷ್ಟು ಸುರಕ್ಷಿತಗೊಳಿಸಲು ನಿರ್ಧರಿಸಿದ್ದೇವೆ. ಯಾವ ವೆಚ್ಚವೂ ಇಲ್ಲ. ದುರ್ಬಲ ಕೋಶಗಳನ್ನು ಬದಲಿಸುತ್ತೇವೆ. ಜೊತೆಗೆ, ನಿಂತ ಕಾರನ್ನು ಕಾಯುವ ಹೊಸ ಕಾವಲು ವ್ಯವಸ್ಥೆಯನ್ನೂ ಅಳವಡಿಸುತ್ತೇವೆ. ಬಿಸಿ ಏರಿದರೆ, ಪೆಟ್ಟು ಬಿದ್ದರೆ ಅದು ಮೊದಲು ನಿಮಗೆ ಕರೆ ಮಾಡುತ್ತದೆ. ನೀವು ಎತ್ತದಿದ್ದರೆ ನಮಗೆ. ನಾವು ಅಗ್ನಿಶಾಮಕ ದಳಕ್ಕೆ.’

ನಮ್ಮ ಐವರದೊಂದು ಗುಂಪಿತ್ತು. ಕಟ್ಟಡದ ಎಂಬತ್ತು ಮನೆಗಳಲ್ಲಿ ಪೆಟ್ರೋಲ್ ವಾಸನೆಯಿಲ್ಲದ ಕಾರಿದ್ದದ್ದು ನಮಗೆ ಮಾತ್ರ. ಎಲ್ಲರನ್ನೂ ಕರೆಯುವುದು ಮನೆ ನಂಬರಿನಿಂದಲೇ, ನಾನು ಏಳುನೂರೆರಡು. ಮೊದಲು ಬರೆದದ್ದು ಈಜು ಕಲಿಸುವ ಪಿ ಜೆಹೂನ್, ಒಂಬೈನೂರೈದು.

‘ಇನ್ನಷ್ಟು ಸುರಕ್ಷಿತ ಅಂದ್ರೆ? ಹಾಗಾದ್ರೆ ನಿನ್ನೆ ತನಕ ನಾವು ಕೂತಿದ್ದು ಯಾವುದರ ಮೇಲೆ?’

‘ಒಲೆ ಮೇಲೆ,’ ಅಂತ ನಾನೂರ ಒಂದರ ನರ್ಸಮ್ಮ ಬರೆದಳು.

‘ಪೂರ್ತಿ ಚಾರ್ಜಿಗೆ ಮೂವತ್ತು ಕಿಲೋಮೀಟರ್ ಕಮ್ಮಿ ಓಡುತ್ತಂತೆ, ಕೆಳಗೆ ಸಣ್ಣಕ್ಷರದಲ್ಲಿದೆ ನೋಡಿ. ಮೂವತ್ತು ಕಿಲೋಮೀಟರ್ ಅಂದ್ರೆ ನಮ್ಮತ್ತೆ ಮನೆ,’ ಅಂತ ಮತ್ತೆ ಜೆಹೂನ್.

‘ಇನ್ಮೇಲೆ ಅಲ್ಲಿಗೆ ಹೋಗೋಕಾಗಲ್ಲ ಅಂತ ಕಂಪನಿಯವರು ಬರೆದು ಕೊಡ್ತಾರಾ ಕೇಳು,’ ಅಂತ ನಾನು ಸೇರಿಸಿದೆ.

ಇಷ್ಟೆಲ್ಲ ನಡೆಯುವಾಗ ಮುನ್ನೂರೆರಡರ ಥಾಕ್ ಗಿಚೊಲ್ ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ?’

ಅವರ ಅವಸರಕ್ಕೆ ಕಾರಣ ಲಿಫ್ಟಿನೊಳಗೆ ಅಂಟಿಸಿತ್ತು. ಆ ಬೇಸಿಗೆಯಲ್ಲಿ ದೂರದ ಊರೊಂದರ ನೆಲಮಾಳಿಗೆಯಲ್ಲಿ ಕಾರು ಹೊತ್ತಿ ಉರಿದದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತ್ತು. ಅಲ್ಲಿಂದ ಮುಂದೆ ನಮ್ಮ ಕಾರುಗಳ ಹತ್ತಿರ ಹಾದುಹೋಗುವಾಗ ಜನ ಉಸಿರು ಬಿಗಿಹಿಡಿಯುತ್ತಿದ್ದರು. ನಿವಾಸಿಗಳ ಸಂಘದ ಅಧ್ಯಕ್ಷೆ ದೋ ಯೊಂಗೊಕ್ ಸಹಿ ಹಾಕಿದ್ದ ಚೀಟಿ ಹೀಗಿತ್ತು: ಎರಡನೇ ಭಾನುವಾರ ಹನ್ನೊಂದಕ್ಕೆ ಸಭೆ. ನೆಲಮಾಳಿಗೆಯ ಎರಡು ಚಾರ್ಜರುಗಳನ್ನು ಕಿತ್ತುಹಾಕಿ ಎಲೆಕ್ಟ್ರಿಕ್ ಕಾರುಗಳನ್ನು ಕಟ್ಟಡದ ಹೊರಗೆ ಕಳಿಸಬೇಕೋ ಬೇಡವೋ. ಮನೆಗೊಂದು ಮತ. ಬಂದವರಿಗೆ ಊಟದ ಡಬ್ಬಿ.

ಉಳಿದ ನಾಲ್ವರಿಗೆ ಇದು ತೊಂದರೆಯ ವಿಷಯ, ಅಷ್ಟೇ. ಗಿಚೊಲರಿಗೆ ಹಾಗಲ್ಲ. ಅವರ ಕಾರು ಟ್ಯಾಕ್ಸಿ. ಮೂವತ್ತೊಂದು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಕಳೆದು, ಅರವತ್ತರಲ್ಲಿ ದಡ ಹತ್ತಿ, ಟ್ಯಾಕ್ಸಿ ಓಡಿಸತೊಡಗಿದವರು. ಬೆಳಿಗ್ಗೆ ಐದರಿಂದ ಓಡಿಸಿ, ಸರಿಯಾಗಿ ಹನ್ನೆರಡಕ್ಕೆ ನೆಲಮಾಳಿಗೆಗೆ ಬಂದು ಕಾರನ್ನು ಚಾರ್ಜಿಗೆ ಹಾಕಿ, ಮೇಲೆ ಹೋಗಿ ಹೆಂಡತಿ ಮಲ್ಸುನ್ ಜೊತೆ ಊಟ ಮಾಡಿ, ಒಂದು ಗಳಿಗೆ ಮಲಗಿ, ಮೂರಕ್ಕೆ ಇಳಿಯುತ್ತಿದ್ದರು. ಇಲ್ಲಿ ಚಾರ್ಜರು ಹೋದರೆ ಮುಂದಿನದು ದೋಣಿಕಟ್ಟೆಯ ಬಳಿ, ಗುಡ್ಡದಾಚೆ. ಅಲ್ಲಿ ಸಾಲಿನಲ್ಲಿ ನಿಂತು ಕಾರಿನೊಳಗೇ ಕೂತು ಅನ್ನದ ಸುರುಳಿ ತಿನ್ನಬೇಕು.

‘ಮದುವೆಯಾಗಿ ನಲವತ್ತು ವರ್ಷ,’ ಒಮ್ಮೆ ಲಿಫ್ಟಿನಲ್ಲಿ ನನಗೆ ಹೇಳಿದ್ದರು. ‘ಅವಳ ಎದುರು ಕೂತು ಮಧ್ಯಾಹ್ನ ಉಂಡಿದ್ದು ಲೆಕ್ಕ ಹಾಕಿದ್ರೆ ಆರು ವರ್ಷ ಆಗಬಹುದು. ಅವಳಿಗೆ ಮೂಲಂಗಿ ಸಾರಿಗೆ ಕೊನೆಗೆ ಉಪ್ಪು ಹಾಕೋ ಅಭ್ಯಾಸ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ.’

ಮರುದಿನ ಬೆಳಿಗ್ಗೆ ಎಂಟಕ್ಕೆ ಸರ್ವಿಸ್ ಕೇಂದ್ರದ ಬಾಗಿಲು ತೆರೆದಾಗ ಅವರು ಆಗಲೇ ಹೊರಗೆ ಎರಡು ಲೋಟ ಕಾಫಿ ಮುಗಿಸಿದ್ದರಂತೆ. ಸಂಜೆ ಬ್ಯಾಟರಿಯ ಪ್ರಮಾಣಪತ್ರದೊಂದಿಗೆ ಬಂದರು. ಅದಕ್ಕೆ ಗಾಜು ಹಾಕಿಸಿ, ಲಿಫ್ಟಿನಲ್ಲಿ ಅಧ್ಯಕ್ಷೆಯ ಚೀಟಿಯ ಪಕ್ಕದಲ್ಲೇ ತೂಗುಹಾಕಿದರು. ಅಷ್ಟು ಸಾಲದೆ ಒಂದು ಚೀಲ ಕಿತ್ತಳೆ ಹಿಡಿದು ಮನೆಮನೆಗೆ ಹೊರಟರು. ನನ್ನನ್ನೂ ಜೊತೆಗೆ ಎಳೆದುಕೊಂಡರು. ಹಲ್ಲಿನ ಕೆಲಸದವಳ ಮಾತನ್ನು ಜನ ನಂಬುತ್ತಾರೆ ಅಂತ ಅವರ ಲೆಕ್ಕ.

ಹನ್ನೊಂದನೇ ಮಹಡಿಯಲ್ಲಿ ಅಧ್ಯಕ್ಷೆಯೇ ಬಾಗಿಲು ತೆಗೆದರು. ಕೈಗೆ ರಬ್ಬರ್ ಗವಸು, ತಲೆಯಲ್ಲಿ ಕೂದಲು ಸುರುಳಿ ಮಾಡುವ ಕ್ಲಿಪ್ಪುಗಳು. ಹಿಂದೆ ಅವರ ಗಂಡ ಗಾಪ್ಸು ಒಣಗಿದ ಬೂತಾಯಿ ಮೀನಿನ ತಲೆ ಮುರಿಯುತ್ತಾ ಕೂತಿದ್ದರು.

‘ಅಧ್ಯಕ್ಷರೇ, ನನ್ನ ಬ್ಯಾಟರಿ ಈಗ ಪಾಸಾಗಿದೆ,’ ಅಂದರು ಗಿಚೊಲ್.

‘ನೋಡ್ದೆ. ನಂಗೆ ಯಾವ ರೋಗವೂ ಇಲ್ಲ ಅಂತ ಒಬ್ಬ ಸರ್ಟಿಫಿಕೇಟ್ ಹಿಡ್ಕೊಂಡು ಮನೆಮನೆ ತಿರುಗಿದ್ರೆ, ನಾನಂತೂ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳ್ಕೋತೀನಪ್ಪ.’

‘ಅದು ತಾನೇ ಫೋನ್ ಮಾಡತ್ತೆ ಅಕ್ಕಾ. ಒಂಚೂರು ಬಿಸಿ ಆದ್ರೂ ಸಾಕು, ಪೆಟ್ಟು ಬಿದ್ರೂ ಸಾಕು. ನಿಮ್ಮ ಗಂಡ ಮಾಡ್ತಾರಾ ಅಷ್ಟು ಫೋನು?’

ಒಳಗಿಂದ ಗಾಪ್ಸು ನಕ್ಕರು. ಅಧ್ಯಕ್ಷೆ ತಿರುಗಿ ನೋಡಿದರು. ನಗು ನಿಂತಿತು. ಕಿತ್ತಳೆಗಳನ್ನು ಮಾತ್ರ ತೆಗೆದುಕೊಂಡರು.

ಭಾನುವಾರ ಸಭೆ ಸೇರಿದ್ದು ನೆಲಮಹಡಿಯ ಹಿರಿಯರ ಕೋಣೆಯಲ್ಲಿ. ಅಡಿಯಿಂದ ಕಾಯಿಸುವ ನೆಲ ಬೆಚ್ಚಗಿತ್ತು. ನಲವತ್ತೈದು ಮನೆಗಳವರು ಕಾಲು ಮಡಚಿ ಕೂತಿದ್ದರು. ಹಿಂದಿನ ಸಭೆಯಲ್ಲಿ ಯಾರೋ ಜಗಳವನ್ನು ಚಿತ್ರೀಕರಿಸಿ ಊರಿಗೆಲ್ಲ ಹಂಚಿದ್ದರಿಂದ ಅಧ್ಯಕ್ಷೆ ಹೊಸ ನಿಯಮ ಮಾಡಿದ್ದರು: ಫೋನುಗಳೆಲ್ಲ ಸದ್ದು ತೆಗೆದು, ಬಾಗಿಲ ಬಳಿಯ ಬೋಗುಣಿಗೆ. ಚಳಿಗಾಲಕ್ಕೆ ಮುಂಚೆ ಕಿಮ್ಚಿಯ ಎಲೆಕೋಸು ನೆನೆಹಾಕುವ, ಮಗು ಕೂರಬಹುದಾದಷ್ಟು ದೊಡ್ಡ ಕೆಂಪು ರಬ್ಬರ್ ಬೋಗುಣಿ ಅದು.

ಗಿಚೊಲ್ ಬಂದದ್ದು ಕೊನೆಗೆ. ದೋಣಿಕಟ್ಟೆಗೆ ಯಾರನ್ನೋ ಬಿಟ್ಟು ಬರುವಷ್ಟರಲ್ಲಿ ನೆಲಮಾಳಿಗೆ ತುಂಬಿಹೋಗಿತ್ತು. ಭಾನುವಾರ ಎಲ್ಲರೂ ಮನೆಯಲ್ಲೇ. ಅವರು ನಾವೆಲ್ಲ ಮಾಡುವುದನ್ನೇ ಮಾಡಿದರು: ನಿಂತ ಕಾರುಗಳ ಸಾಲಿನ ಮುಂದೆ ಅಡ್ಡ ನಿಲ್ಲಿಸಿ, ಚಕ್ರ ನೇರ ಮಾಡಿ, ಗೇರು ತಟಸ್ಥಕ್ಕೆ ಹಾಕಿ, ಬ್ರೇಕು ಬಿಟ್ಟು ಬಂದರು. ಹಿಂದಿರುವವರಿಗೆ ಹೊರಡಬೇಕಾದರೆ ಬೆನ್ನು ಕೊಟ್ಟು ಆ ಕಾರನ್ನು ಆಚೆ ತಳ್ಳಿ ಹೋಗುತ್ತಾರೆ. ಅದು ಇಲ್ಲಿಯ ಮರ್ಯಾದೆ. ಬ್ರೇಕು ಹಾಕಿ ಹೋದವನಿಗೆ ಇಡೀ ಕಟ್ಟಡ ಒಂದು ವಾರ ಎದುರಾದರೂ ನಮಸ್ಕಾರಕ್ಕೆ ತಲೆ ಬಾಗಿಸುವುದಿಲ್ಲ. ಹಾಗೆ ಬಿಡುವಾಗ ಕಾವಲು ವ್ಯವಸ್ಥೆಯನ್ನು ಆಫ್ ಮಾಡಿರಬೇಕು ಅಂತ ಕಂಪನಿ ಕೊಟ್ಟ ಪುಸ್ತಕದ ಹದಿನಾಲ್ಕನೇ ಪುಟದಲ್ಲಿತ್ತು. ನಮ್ಮ ಐವರಲ್ಲಿ ಯಾರೂ ಎರಡನೇ ಪುಟ ದಾಟಿರಲಿಲ್ಲ.

ಗಿಚೊಲ್ ಫೋನನ್ನು ಬೋಗುಣಿಗೆ ಹಾಕಿ ಹೆಂಡತಿಯ ಪಕ್ಕ ಕೂತರು.

‘ಬೆವರ್ತಾ ಇದ್ದೀಯಲ್ಲ,’ ಅಂದರು ಮಲ್ಸುನ್.

‘ಓಡಿ ಬಂದೆ.’

‘ನಾನು ಕೂಗಾಡಬೇಡ ಅಂದಿದ್ದು ನೆನಪಿರ್ಲಿ. ಇದು ಎಂಜಿನ್ ಕೋಣೆ ಅಲ್ಲ. ಎಲ್ಲರಿಗೂ ಕಿವಿ ಕೇಳ್ಸತ್ತೆ.’

ಚರ್ಚೆ ಚೆನ್ನಾಗಿಯೇ ನಡೆಯಿತು. ಕಂಪನಿ ಇನ್ನಷ್ಟು ಸುರಕ್ಷಿತ ಅಂದಮೇಲೆ ಮೊದಲು ಎಷ್ಟು ಸುರಕ್ಷಿತವಾಗಿತ್ತು ಅಂತ ಎಂಟುನೂರಾ ಮೂರು ಕೇಳಿದರು. ಪಿ ಜೆಹೂನ್ ತಾನೇ ಕೇಳಿದ್ದ ಪ್ರಶ್ನೆಗೆ ಈಗ ಕೆರಳಿ, ‘ನಿಮ್ಮ ಒಗೆಯೋ ಪೌಡರ್ ಡಬ್ಬಿ ಮೇಲೂ ಇನ್ನಷ್ಟು ಬಿಳುಪು ಅಂತಿರತ್ತೆ. ಮೊದಲು ಕೊಳಕು ಬಟ್ಟೆ ಹಾಕ್ಕೊಂಡು ಓಡಾಡ್ತಿದ್ರಾ?’ ಅಂದ. ಜನ ನಕ್ಕರು. ಗಾಳಿ ನಮ್ಮ ಕಡೆ ಬೀಸಿದಂತೆ ನನಗೆ ಅನಿಸಿತು.

ಆ ಹೊತ್ತಿಗೆ ಅಧ್ಯಕ್ಷೆ ಗಂಡನಿಗೆ ಕಣ್ಸನ್ನೆ ಮಾಡಿದರು: ಊಟದ ಡಬ್ಬಿ ತರುವ ಸಮಯ. ಗಾಪ್ಸು ಎದ್ದು ಹೋದರು.

ಹತ್ತು ನಿಮಿಷವಾಗಿರಬೇಕು. ಸೈರನ್ನು ಗುಡ್ಡ ಹತ್ತುತ್ತಾ ಬಂತು. ಬೇರೆ ಯಾವುದೋ ಕಟ್ಟಡಕ್ಕಿರಬೇಕು ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ನಮ್ಮ ಗೇಟಿನೊಳಗೆ ತಿರುಗಿತು. ಒಂದಲ್ಲ, ಮೂರು ಕೆಂಪು ಗಾಡಿಗಳು. ಎದ್ದವರು, ಚಪ್ಪಲಿ ಹುಡುಕಿದವರು, ಬೇರೆಯವರ ಚಪ್ಪಲಿ ಮೆಟ್ಟಿದವರು, ಎಲ್ಲ ಹೊರಗೆ. ಗಿಚೊಲ್ ಮಾತ್ರ ಬೋಗುಣಿಗೆ ಕೈಹಾಕಿ ನಲವತ್ತೈದು ಫೋನುಗಳ ನಡುವೆ ತಮ್ಮದನ್ನು ಹುಡುಕಿ ತೆಗೆದರು. ಹದಿಮೂರು ಕರೆಗಳು ಬಂದಿದ್ದವು.

‘ನನ್ನ ಕಾರು,’ ಅಂದರು. ನೆಲಮಾಳಿಗೆಯ ಕಡೆ ಓಡಿದರು.

ಮುಂದಿನದನ್ನು ನಾವು ಕಾರುಗಳು ನೆಲಮಾಳಿಗೆಗೆ ಇಳಿಯುವ ಇಳಿಜಾರಿನ ತುದಿಯಲ್ಲಿ ನಿಂತು ನೋಡಿದೆವು. ಹೊಗೆಯಿಲ್ಲ, ಬೆಂಕಿಯಿಲ್ಲ. ಗಿಚೊಲರ ಟ್ಯಾಕ್ಸಿ ಕಂಬವೊಂದರ ರಬ್ಬರ್ ಪಟ್ಟಿಗೆ ಮೂಗು ಒತ್ತಿ ನಿಂತಿತ್ತು. ಅದರ ಪಕ್ಕದಲ್ಲಿ ಗಾಪ್ಸು, ಎರಡೂ ಕೈ ಮೇಲೆತ್ತಿ. ಸುತ್ತ ಮುಖವಾಡ ಧರಿಸಿದ ಎಂಟು ಮಂದಿ.

‘ತಳ್ಳಿದ್ದಷ್ಟೇ ಸ್ವಾಮೀ! ಬೆನ್ನಲ್ಲಿ ತಳ್ದೆ, ಎಲ್ಲರೂ ತಳ್ಳೋ ಹಾಗೆ!’ ಗಾಪ್ಸು ಕೂಗುತ್ತಿದ್ದರು. ‘ಊಟದ ಡಬ್ಬಿ ತರೋಕೆ ಹಿಂದಿದ್ದ ನನ್ನ ಕಾರು ತೆಗೀಬೇಕಿತ್ತು! ಇವತ್ತು ಅದ್ಯಾಕೋ ಹಗುರಾಗಿ ಉರುಳಿಬಿಡ್ತು. ಕಂಬಕ್ಕೆ ತಾಗ್ತು. ಅಷ್ಟೇ, ಮುತ್ತು ಕೊಟ್ಟಷ್ಟು!’

ದಳದ ನಾಯಕ ಕಾರಿನ ಕೆಳಗೆ ಉಪಕರಣ ಹಿಡಿದು ಶಾಖ ಅಳೆದು, ಎದ್ದು, ಮುಖವಾಡ ತೆಗೆದ. ‘ತಣ್ಣಗಿದೆ. ಯಾರ ಕಾರಿದು? ಚಾಲಕ ಇಲ್ಲ, ಕಾರು ಓಡ್ತಾ ಇದೆ, ಪೆಟ್ಟು ಬಿದ್ದಿದೆ ಅಂತ ಕಂಪನಿಯವರು ಬಾಯಿ ಬಡ್ಕೋತಾ ಫೋನ್ ಮಾಡಿದ್ರು. ನೀವು ಯಾಕ್ರೀ ಎತ್ತಲಿಲ್ಲ?’

‘ಬೋಗುಣಿಯಲ್ಲಿತ್ತು,’ ಅಂದರು ಗಿಚೊಲ್.

ನಾಯಕ ಅದನ್ನು ಬರೆದುಕೊಳ್ಳಬೇಕೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿ ಪುಸ್ತಕ ಮುಚ್ಚಿದ. ಮೊದಲು ನಕ್ಕವರು ಯಾರು ಗೊತ್ತಿಲ್ಲ, ನರ್ಸಮ್ಮ ಇರಬೇಕು. ಆಮೇಲೆ ಆ ನಗು ನೆಲಮಾಳಿಗೆಯ ಗೋಡೆಗಳಿಗೆ ಬಡಿದು ಎರಡರಷ್ಟಾಗಿ ವಾಪಸು ಬಂತು.

ನಗದವರು ಇಬ್ಬರೇ. ಗಿಚೊಲ್, ಮತ್ತು ಅಧ್ಯಕ್ಷೆ.

ಸಭೆ ಮತ್ತೆ ಸೇರಿದಾಗ ಗಾಳಿ ತಿರುಗಿತ್ತು. ‘ನೋಡಿದ್ರಾ?’ ಅಂತ ಎಂಟುನೂರಾ ಮೂರು. ‘ಭಾನುವಾರಕ್ಕೊಂದು ಸಲ ಹೀಗೆ ಸೈರನ್ನಾ?’ ‘ಕಾರು ಆರು ನಿಮಿಷದಲ್ಲಿ ದಳವನ್ನೇ ಕರೆಸ್ತು, ನಿಮ್ಮ ಪೆಟ್ರೋಲ್ ಗಾಡಿ ಹತ್ತಿದ್ರೆ ಯಾರ್ರೀ ಕರೀತಾರೆ?’ ಅಂತ ಪಿ ಜೆಹೂನ್. ಇಬ್ಬರೂ ಒಂದೇ ಘಟನೆಯನ್ನು ಹಿಡಿದು ಎಳೆದಾಡಿದರು. ಗಿಚೊಲ್ ಎದ್ದು ನಿಂತರು. ಎಲ್ಲರೂ ಬ್ಯಾಟರಿಯ ಮೇಲೆ ಭಾಷಣ ಬರುತ್ತದೆ ಅಂದುಕೊಂಡೆವು.

‘ತಪ್ಪು ನಂದು. ಕಾರಿನದಲ್ಲ,’ ಅಂದರು. ಧ್ವನಿ ಜೋರಾಗಿತ್ತು, ಎಂಜಿನ್ ಕೋಣೆಯದ್ದೇ. ‘ಗಾಪ್ಸು ತಮ್ಮಾ, ಕ್ಷಮಿಸು. ನಂಗೆ ಬ್ಯಾಟರಿ ಗಿಟರಿ ಬಗ್ಗೆ ಏನೂ ಗೊತ್ತಿಲ್ಲ. ನಂಗೆ ಮಧ್ಯಾಹ್ನ ಮನೇಲಿ ಉಣ್ಣಬೇಕು. ಅಷ್ಟಕ್ಕೇ ಈ ಚಾರ್ಜರು. ಬೇರೆ ಏನೂ ಇಲ್ಲ.’

ಕೂತುಬಿಟ್ಟರು. ಮಲ್ಸುನ್ ನೆಲ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು.

ಅಧ್ಯಕ್ಷೆ ಪೆನ್ನಿನ ತುದಿಯಿಂದ ತಲೆ ಕೆರೆದುಕೊಂಡರು. ಅವರನ್ನು ನಾನು ಇಪ್ಪತ್ತು ಸಭೆಗಳಲ್ಲಿ ನೋಡಿದ್ದೇನೆ. ಸೋಲುವುದು ಗೊತ್ತಿಲ್ಲ, ಆದರೆ ಗಂಡ ಕೈ ಮೇಲೆತ್ತಿ ನಿಂತದ್ದನ್ನು ಅವರು ಇನ್ನೂ ನುಂಗಿರಲಿಲ್ಲ.

‘ಒಂದು ಮಾತು,’ ಅಂದರು. ‘ಹೊರಗೆ ನಿಲ್ಲಿಸಿದ್ರೂ ಅಲ್ಲೂ ಜಾಗ ಇಲ್ಲ. ಅಲ್ಲೂ ಅಡ್ಡ ನಿಲ್ಲಿಸ್ತಾರೆ, ಅಲ್ಲೂ ಯಾರೋ ತಳ್ತಾರೆ. ನಮ್ಮನೆಯವರಿದ್ದಾರಲ್ಲ, ಇವರೇ ತಳ್ತಾರೆ, ಬುದ್ಧಿ ಬರಲ್ಲ. ಮತ್ತೆ ದಳ. ಇದು ತಳ್ಳಬಾರದ ಕಾರು ಅಂದ್ಮೇಲೆ ಇದನ್ನ ಅಡ್ಡ ನಿಲ್ಲಿಸೋ ಹಾಗೇ ಇಲ್ಲ. ಚಾರ್ಜರ್ ಇರೋ ಆ ಎರಡು ಜಾಗ ಇವರೈದು ಜನಕ್ಕೆ ಮೀಸಲು. ಹಗಲು ಹನ್ನೆರಡರಿಂದ ಮೂರರ ತನಕ ಒಂದು ಜಾಗ ಟ್ಯಾಕ್ಸಿಗೆ. ಉಳಿದ ಹೊತ್ತು ತಮ್ಮತಮ್ಮಲ್ಲೇ ಕಿತ್ತಾಡ್ಕೊಳ್ಳಿ. ಒಪ್ಪಿದವರು ಕೈ ಎತ್ತಿ.’

ನಿಲ್ಲಿಸಲು ಸ್ವಂತ ಜಾಗ ಯಾರಿಗೂ ಇಲ್ಲದ ಕಟ್ಟಡದಲ್ಲಿ ಇದು ಸಣ್ಣ ಮಾತಲ್ಲ. ಗೊಣಗಾಟ ಎದ್ದಿತು. ಕೈಗಳು ಒಂದೊಂದಾಗಿ ಮೇಲೇರಿದವು. ಅಧ್ಯಕ್ಷೆ ಎರಡು ಸಲ ಎಣಿಸಿದರು.

‘ಇಪ್ಪತ್ತೆರಡು. ಇಪ್ಪತ್ಮೂರು ಬೇಕು.’

ಗಿಚೊಲ್ ತಮ್ಮ ಕೈ ಎತ್ತಿದ್ದರು. ಅಧ್ಯಕ್ಷೆ ತಲೆ ಅಲ್ಲಾಡಿಸಿದರು. ‘ನಿಮ್ದು ಲೆಕ್ಕಕ್ಕಿಲ್ಲ. ಮುನ್ನೂರೆರಡು ಮಲ್ಸುನ್ ಹೆಸರಲ್ಲಿದೆ. ನೀವು ಸಮುದ್ರದಲ್ಲಿದ್ದಾಗ ತಗೊಂಡಿದ್ದು.’

ನಲವತ್ತು ಜೊತೆ ಕಣ್ಣು ಮಲ್ಸುನ್ ಕಡೆ ತಿರುಗಿದವು. ಅವರ ಎರಡೂ ಕೈ ಮಡಿಲಲ್ಲೇ ಇದ್ದವು.

‘ಏನೇ?’ ಅಂದರು ಗಿಚೊಲ್, ಮೆಲ್ಲಗೆ.

‘ಯೋಚಿಸ್ತಾ ಇದ್ದೀನಿ.’

‘ಇದರಲ್ಲಿ ಯೋಚಿಸೋಕೆ ಏನಿದೆ?’

‘ಮೂವತ್ತೊಂದು ವರ್ಷ ಮಧ್ಯಾಹ್ನ ನಾನು ನಿಂತ್ಕೊಂಡೇ ಉಂಡಿದ್ದು. ಒಂದು ಬಟ್ಟಲು, ಒಂದು ಚಮಚ. ಈಗ ದಿನಾ ಹನ್ನೊಂದು ಬಟ್ಟಲು ತೊಳೀಬೇಕು. ಇವನು ಉಂಡು ಮಲಗ್ತಾನೆ. ಗೊರಕೆ ಬೇರೆ.’

ಹೆಂಗಸರ ಸಾಲಿನಿಂದ ‘ಅಯ್ಯೋ ಹೌದು’ ಅಂತ ನಾಲ್ಕೈದು ದನಿಗಳು ಒಟ್ಟಿಗೇ ಬಂದವು.

‘ತೊಳೀತೀನಿ,’ ಅಂದರು ಗಿಚೊಲ್.

‘ಇಲ್ಲಿ ಹೇಳ್ತೀಯ, ಮೇಲೆ ಹೋದ್ಮೇಲೆ ಮರೀತೀಯ. ಅಧ್ಯಕ್ಷರೇ, ಬರ್ಕೊಳ್ಳಿ.’

‘ನಡಾವಳಿಯಲ್ಲಾ?’

‘ನಡಾವಳಿಯಲ್ಲೇ.’

ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು, ಬರೆಯುವುದನ್ನೇ ಗಟ್ಟಿಯಾಗಿ ಓದುತ್ತಾ ಬರೆದರು: ‘ಮುನ್ನೂರೆರಡರ ಥಾಕ್ ಗಿಚೊಲ್ ಮಧ್ಯಾಹ್ನದ ಪಾತ್ರೆಗಳನ್ನು ತೊಳೆಯತಕ್ಕದ್ದು.’ ನಿಲ್ಲಿಸಿ ಕೇಳಿದರು, ‘ಒಲೆ ಒರೆಸೋದು?’

‘ಅದೂ ಇರ್ಲಿ,’ ಅಂದರು ಗಿಚೊಲ್. ಆಗ ಮೊದಲ ಬಾರಿ ನಕ್ಕರು. ಅವರ ಮೇಲ್ದವಡೆಯ ನಾಲ್ಕು ಹಲ್ಲು ನಾನೇ ಮಾಡಿದ್ದು. ಅವು ಅಷ್ಟು ಪೂರ್ತಿಯಾಗಿ ಕಂಡದ್ದು ಅವತ್ತೇ.

ಮಲ್ಸುನ್ ಕೈ ಎತ್ತಿದರು. ಪೂರ್ತಿ ಅಲ್ಲ, ಕಿವಿಯ ಮಟ್ಟಕ್ಕೆ, ಕೂದಲು ಸರಿಮಾಡಿಕೊಳ್ಳುವವರ ಹಾಗೆ. ಅಧ್ಯಕ್ಷೆಗೆ ಅಷ್ಟು ಸಾಕಾಯಿತು.

ಊಟದ ಡಬ್ಬಿಗಳು ಬರುವಾಗ ಒಂದೂವರೆಯಾಗಿ, ತಣ್ಣಗಾಗಿದ್ದವು. ನಾವೆಲ್ಲ ಅಲ್ಲೇ ಬೆಚ್ಚಗಿನ ನೆಲದ ಮೇಲೆ ಕೂತು ತಿಂದೆವು. ಗಾಪ್ಸು ಕಾರು ತಳ್ಳಿದ್ದನ್ನು ನಾಲ್ಕನೇ ಸಲ ಹೇಳುತ್ತಿದ್ದರು, ಪ್ರತಿ ಸಲವೂ ದಳದವರ ಸಂಖ್ಯೆ ಏರುತ್ತಿತ್ತು. ಗಿಚೊಲ್ ತಮ್ಮ ಡಬ್ಬಿ ಬಿಚ್ಚಲು ಹೋದಾಗ ಮಲ್ಸುನ್ ಅದನ್ನು ಕಿತ್ತು ಪಿ ಜೆಹೂನನ ಕೈಗಿಟ್ಟರು.

‘ಮನೇಲಿ ಸಾರಿದೆ. ಏಳು. ಕಾರನ್ನ ಚಾರ್ಜಿಗೆ ಹಾಕಿ ಬಾ, ಅಷ್ಟರಲ್ಲಿ ಬಿಸಿ ಮಾಡ್ತೀನಿ.’

ಗಿಚೊಲ್ ಇಳಿಜಾರಿನ ಕಡೆ ಹೊರಟರು. ಓಡಲಿಲ್ಲ. ಅಂಗಿಯ ತೋಳು ಮಾತ್ರ ಆಗಲೇ ಮೊಣಕೈವರೆಗೆ ಮಡಚಿಕೊಂಡಿದ್ದರು.