ಬೂಟಿನೊಳಗಿನ ಹಣ್ಣು

“ಕುಣಿಯೇ, ಇನ್ನೊಂದ್ಸಲ ಕುಣಿ! ಹೊಟ್ಟೇಲಿರೋದು ಕೂಸೋ, ಕಂಪನಿ ಹಣ್ಣೋ ನೋಡಾನ!”

ಮೇಸ್ತ್ರಿ ತೋಹಿರ್ ತಾಳೆತೋಟದ ದಾರಿಗೆ ಅಡ್ಡ ನಿಂತಿದ್ದ. ವರಿಯೆಂ ಆರು ತಿಂಗಳ ಬಸುರಿ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮೂರು ಸಲ ಎಗರಿದಳು. ಏನೂ ಉದುರಲಿಲ್ಲ. ನಾವು ಆರು ಹೆಂಗಸರು ಹಿಂದೆ ಸಾಲಾಗಿ ನಿಂತು ನಮ್ಮ ಸರದಿ ಕಾಯುತ್ತಿದ್ದೆವು.

“ಕೂಸೇ ಉದುರ್ತು ಅಂದ್ರೆ ಅದ್ನೂ ಮೂಟೆಗೆ ಹಾಕ್ಕೋತೀರಾ ಮೇಸ್ತ್ರಿ?” ಎಂದೆ ನಾನು.

“ಬಾಯ್ಮುಚ್ಚೇ ಮುರ್ನಿ, ಹಡಬೆ. ನಿನ್ ನಾಲಿಗೇನೂ ಜಫ್ತಿ ಮಾಡ್ಬೇಕು.”

ಗೊನೆ ಕಡಿಯುವುದು ಗಂಡಸರ ಕೆಲಸ. ಉದುರಿದ ಹಣ್ಣು ಆಯುವುದು ನಮ್ಮದು. ಕಿತ್ತಳೆ ಬಣ್ಣದ, ಹೆಬ್ಬೆರಳಷ್ಟು ದಪ್ಪದ ಹಣ್ಣು. ಇಲಿ ತಿನ್ನಬಹುದು, ಹಂದಿ ತಿನ್ನಬಹುದು, ಕೋತಿಯಂತೂ ಕಚ್ಚಿ ನಮ್ಮ ತಲೆಯ ಮೇಲೇ ಎಸೆಯಬಹುದು. ನಾವು ಒಂದನ್ನು ಮನೆಗೊಯ್ದರೆ ಕಳ್ಳತನ. ನಮ್ಮ ಅಜ್ಜಂದಿರು ಜಾವಾದಿಂದ ಹಡಗು ಹತ್ತಿ ಸುಮಾತ್ರಾಕ್ಕೆ ಬಂದಾಗಿನಿಂದಲೂ ಇದೇ ಕಾನೂನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಪೂಜಾರಿ ಈ ತೋಹಿರ್. ಅವನೂ ನಮ್ಮ ಲೈನುಮನೆಯಲ್ಲೇ ಹುಟ್ಟಿದವನು, ಹುಟ್ಟಿದಾಗ ಇಷ್ಟು ದಪ್ಪ ಇರಲಿಲ್ಲ.

ವರಿಯೆಂಳ ಗಂಡ ಲೆಗಿಮಾನ್ ನನ್ನ ಪಕ್ಕದ ಮನೆಯ ಪೊನಿರಾಳ ಒಬ್ಬನೇ ಮಗ. ಇಪ್ಪತ್ತೆಂಟು ವರ್ಷ. ಮೊನ್ನೆಯವರೆಗೂ ಉದ್ದನೆ ಗಳಕ್ಕೆ ಕುಡುಗೋಲು ಕಟ್ಟಿ ದಿನಕ್ಕೆ ನೂರು ಗೊನೆ ಇಳಿಸುತ್ತಿದ್ದವನ ಮುಖ ಈಗ ಬೆಳಿಗ್ಗೆ ಎದ್ದರೆ ಊದಿಕೊಂಡಿರುತ್ತಿತ್ತು. ಎಸ್ಟೇಟಿನ ಕಂಪೌಂಡರ್ ಒಮ್ಮೆ ನೋಡಿ, “ಹೆಂಡ ಕಡ್ಮೆ ಮಾಡು,” ಎಂದ. ಲೆಗಿಮಾನ್ ಹೆಂಡ ಮುಟ್ಟಿದವನೇ ಅಲ್ಲ. “ಹಂಗಾರೆ ಇನ್ಮೇಲಾದ್ರೂ ಸುರು ಮಾಡ್ತೀನಿ, ಬೈಗುಳ ದಂಡ ಆಗ್ಬಾರ್ದು,” ಎಂದು ನಕ್ಕು ಬಂದ. ಪೊನಿರಾ ನಗಲಿಲ್ಲ. ಮಗನನ್ನು ಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಅವಳಿಗೆ ಬಸ್ಸಿನ ಬೋರ್ಡು ಓದಲು ಬಾರದು, ಅದಕ್ಕೆ ನಾನೂ ಹೋದೆ.

ಅಲ್ಲಿದ್ದವಳು ತಿಯುರ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಹೊಟ್ಟೆಯ ಫೋಟೋ ತೆಗೆಸಿದಳು, ರಕ್ತ ತೆಗೆಸಿದಳು. ಆಮೇಲೆ ಲೆಗಿಮಾನನನ್ನು ಬಿಟ್ಟು ಅವನ ತಾಯಿಯನ್ನು ಪ್ರಶ್ನೆ ಕೇಳತೊಡಗಿದಳು.

“ಅಮ್ಮಾ, ಇವನು ಹೊಟ್ಟೇಲಿದ್ದಾಗ ನಿಮಗೆ ಸಂಜೆ ಹೊತ್ತು ಕಣ್ಣು ಕಾಣ್ತಿತ್ತಾ?”

ಪೊನಿರಾ ನನ್ನ ಮುಖ ನೋಡಿದಳು. ನಾವಿಬ್ಬರೂ ನಕ್ಕೆವು. ನಮ್ಮ ಲೈನಿನಲ್ಲಿ ಅದಕ್ಕೆ ಕೋಳಿಗಣ್ಣು ಅನ್ನುತ್ತೇವೆ. ಬಸುರಾದರೆ ಸಂಜೆ ಕೋಳಿಯ ಹಾಗೆ ಗೂಡು ಸೇರಬೇಕು, ಗೋಡೆ ಸವರಿಕೊಂಡು ಒಲೆ ಹುಡುಕಬೇಕು.

“ಯಾರ್ಗೆ ಕಾಣ್ತದೆ ಡಾಕ್ಟ್ರಮ್ಮ? ಬಸ್ರಿ ಅಂದ್ಮೇಲೆ ಅದೆಲ್ಲ ಇದ್ದಿದ್ದೇ. ನನ್ ಸೊಸೆಗೂ ಈಗ ಹಂಗೇ ಐತೆ.”

ಡಾಕ್ಟರು ನಗಲಿಲ್ಲ. “ಕಿಡ್ನಿ ಅಂದ್ರೆ ಲಕ್ಷಾಂತರ ಸಣ್ಣ ಜರಡಿಗಳು ಅಂತಿಟ್ಕೊಳಿ. ಅವೆಲ್ಲ ತಾಯಿ ಹೊಟ್ಟೇಲೇ ಆಗ್ಬೇಕು. ಎಂಟು ತಿಂಗಳು ತುಂಬಿದ ಮೇಲೆ ಹೊಸದು ಆಗೋದೇ ಇಲ್ಲ ಅನ್ನಿ. ಸಂಜೆ ಕಣ್ಣು ಕಾಣಲ್ಲ ಅಂದ್ರೆ ತಾಯಿಗೆ ಎ ಜೀವಸತ್ವ ಸಾಲದು ಅಂತ. ಅದು ಸಾಲದೆ ಇದ್ರೆ ಮಗೂಗೆ ಜರಡಿ ಕಡಿಮೆ ಬೀಳಬಹುದು. ಚಿಕ್ಕವನಿದ್ದಾಗ ಗೊತ್ತಾಗಲ್ಲ. ಇರೋ ಅಷ್ಟೇ ಜರಡಿ ಎಲ್ಲಾದರ ಕೆಲಸ ಮಾಡಿ ಮಾಡಿ ಸವೆದುಹೋಗುತ್ತೆ, ರಕ್ತದೊತ್ತಡ ಏರುತ್ತೆ. ಇವನದ್ದು ಇದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಆದರೆ ಕಿಡ್ನಿ ತೀರಾ ಸಣ್ಣದಿದೆ.”

“ಆಳು ಕಮ್ಮಿ, ಕೆಲ್ಸ ಜಾಸ್ತಿ,” ಎಂದಳು ಪೊನಿರಾ. “ಒಳಗೂ ನಮ್ ಕಂಪನೀನೇ ನಡೀತಾ ಐತೆ ಅನ್ನಿ.”

ಲೆಗಿಮಾನನಿಗೆ ಮಾತ್ರೆ ಬರೆದಳು. ಸವೆದದ್ದು ಮತ್ತೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಎಂದಳು. ವರಿಯೆಂಳಿಗೂ ಒಂದು ಚೀಟಿ ಕೊಟ್ಟು, ಎಸ್ಟೇಟ್ ದವಾಖಾನೆಯಲ್ಲಿ ತೆಗೆದುಕೊಳ್ಳಿ ಎಂದಳು. “ಸೊಪ್ಪು, ಪಪ್ಪಾಯಿ, ಮೊಟ್ಟೆ ತಿನ್ಸಿ. ಅಲ್ಲಮ್ಮಾ, ನೀವು ಆಯೋ ತಾಳೆಹಣ್ಣಲ್ಲೇ ಇದೆಯಲ್ಲ ಅದು! ಆ ಕೆಂಪು ಬಣ್ಣಾನೇ ಅದು. ಬಾಟ್ಲಿ ಎಣ್ಣೇಲಿ ತೊಳೆದುಹೋಗಿರುತ್ತೆ. ಹಣ್ಣು ಬೇಯಿಸಿ, ಕುಟ್ಟಿ, ಹಿಂಡಿ ತಿನ್ನಿ.”

ಬಸ್ಸಿನಲ್ಲಿ ಪೊನಿರಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. “ಇವ್ನು ಹೊಟ್ಟೇಲಿದ್ದಾಗ ಒಂಬತ್ತು ತಿಂಗ್ಳೂ ಆಯ್ದೆ ಕಣಕ್ಕ. ಮೂಟೆಗಟ್ಲೆ. ಒಂದಾದ್ರೂ ಬಾಯಿಗಿಟ್ನಾ? ನನ್ನಂಥ ದಡ್ಡಿ ಇನ್ಯಾರವ್ಳೆ?”

“ನೀನು ದಡ್ಡಿ ಅಲ್ಲ, ನಿಯತ್ತಿನೋಳು. ಅದು ಇನ್ನೂ ದೊಡ್ ಕಾಯ್ಲೆ,” ಎಂದೆ. ನನ್ನ ಇಬ್ಬರು ಮಕ್ಕಳನ್ನೂ ನಾನು ಹಾಗೇ ಹೆತ್ತದ್ದು.

ದವಾಖಾನೆಯಲ್ಲಿ ಕಂಪೌಂಡರ್ ಚೀಟಿಯನ್ನು ವಾಪಸು ಕೊಟ್ಟ. “ಇವ್ಳು ದಿನಗೂಲಿ. ಔಷ್ದಿ ಕಾಯಮ್ಮಿನೋರ್ಗೆ ಮಾತ್ರ.”

“ಎಷ್ಟ್ ವರ್ಸದಿಂದ ದಿನಗೂಲಿ ಸ್ವಾಮಿ, ಹತ್ತು!” ಎಂದಳು ವರಿಯೆಂ.

“ಹಂಗಾರೆ ಹತ್ ವರ್ಸದ ದಿನಗೂಲಿ,” ಎಂದು ಕಿಟಕಿ ಹಾಕಿಕೊಂಡ.

ಮನೆ ಹಿಂದೆ ಸೊಪ್ಪು ಹಾಕಿದರೆ ಕಳೆನಾಶಕ ಹೊಡೆಯುವ ಗಾಳಿಗೆ ಸುಟ್ಟುಹೋಗುತ್ತದೆ. ಮೊಟ್ಟೆ ವಾರಕ್ಕೊಂದು ಸಿಕ್ಕರೆ ಹೆಚ್ಚು. ಉಳಿದದ್ದು ಹಣ್ಣು ಒಂದೇ. ಎಂಟು ತುಂಬಲು ಎರಡು ತಿಂಗಳು ಬಾಕಿ.

ಉಪಾಯ ಪೊನಿರಾಳದೇ. ಮೇಸ್ತ್ರಿ ನಡು ತಡಕುತ್ತಾನೆ, ಬುತ್ತಿ ಬಿಚ್ಚಿಸುತ್ತಾನೆ, ಕುಣಿಸುತ್ತಾನೆ. ಬೂಟು ಮಾತ್ರ ಬಿಚ್ಚಿಸುವುದಿಲ್ಲ. ದಿನವಿಡೀ ಕೆಸರಲ್ಲಿ ನೆನೆದ ನಮ್ಮ ಕಾಲಿನ ವಾಸನೆ ತಡೆಯುವ ಶಕ್ತಿ ಕಂಪನಿಗೆ ಇಲ್ಲ. ಅವತ್ತಿನಿಂದ ಪೊನಿರಾ ರಬ್ಬರ್ ಬೂಟಿನಲ್ಲಿ ಹತ್ತು ಹಣ್ಣು ತುಂಬಿಕೊಂಡು ಕುಂಟುತ್ತ ಬರತೊಡಗಿದಳು. ಮಾರನೆಯ ವಾರ ನಾನೂ ಕುಂಟಿದೆ. ಆಮೇಲೆ ಉಳಿದ ನಾಲ್ವರೂ.

“ಏನ್ರೇ ಇದು, ಇಡೀ ಗ್ಯಾಂಗಿಗೇ ಮಂಡಿನೋವಾ?” ಎಂದ ತೋಹಿರ್.

“ವಯಸ್ಸಾಯ್ತಲ್ಲ ಮೇಸ್ತ್ರಿ. ನಿಮ್ಗೆ ಬೊಜ್ಜು ಬಂತು, ನಮ್ಗೆ ಕೀಲುನೋವು ಬಂತು. ಅವರವ್ರಿಗೆ ಸಿಕ್ಕಿದ್ದು,” ಎಂದೆ.

ಹಣ್ಣು ಬೇಯಿಸಿ ಒರಳಲ್ಲಿ ಕುಟ್ಟಿ ಹಿಂಡಿದರೆ ಕುಂಕುಮದಂಥ ಎಣ್ಣೆ. ವರಿಯೆಂ ದಿನಾ ಅನ್ನಕ್ಕೆ ಕಲಸಿಕೊಂಡು ತಿಂದಳು. ಪೊನಿರಾ ಮಗನ ತಟ್ಟೆಗೂ ಒಂದು ಚಮಚ ಹಾಕಲು ಹೋದರೆ ಅವನು ತಟ್ಟೆ ಸರಿಸಿದ. “ನಂದು ಮುಗ್ದದೆ ಅವ್ವ. ಅದ್ನೂ ಅವ್ಳಿಗೇ ಹಾಕು.” ಅದನ್ನೂ ನಗುತ್ತಲೇ ಹೇಳಿದ. ಪೊನಿರಾ ಚಮಚವನ್ನು ಸೊಸೆಯ ತಟ್ಟೆಗೆ ಬಗ್ಗಿಸಿದಳು.

ಏಳನೇ ತಿಂಗಳು ನಮ್ಮಲ್ಲಿ ಬಸುರಿಗೆ ಏಳು ಬಾವಿಯ ನೀರು ಹಾಕುವ ಶಾಸ್ತ್ರ. ಆಮೇಲೆ ಬಸುರಿ ಅಂಗಡಿ ಇಟ್ಟು ಕೂರಬೇಕು. ಬಂದವರು ಹೆಂಚಿನ ಚೂರನ್ನು ದುಡ್ಡಿನ ಬದಲು ಕೊಟ್ಟು ಅವಳ ಕೈಯಿಂದ ತಿಂಡಿ ಕೊಳ್ಳಬೇಕು. ಕೊಳ್ಳದೆ ಹೋದರೆ ಕೂಸಿಗೆ ಕೇಡು. ಮೇಸ್ತ್ರಿಯನ್ನು ಕರೆಯದೆ ಲೈನಿನಲ್ಲಿ ಯಾವ ಶಾಸ್ತ್ರವೂ ಇಲ್ಲ. ಅವನು ಬಂದ, ಜರಿ ಟೋಪಿ ಹಾಕಿಕೊಂಡು. ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಆಮೀನ್ ಅಂದ. ಮೊದಲ ಚೂರು ಅವನದೇ, ಮೊದಲ ತಟ್ಟೆಯೂ ಅವನದೇ. ಕೆಂಪನ್ನವನ್ನು ಬೆರಳು ಚೀಪಿಕೊಂಡು ತಿಂದ.

ಅರ್ಧ ತಟ್ಟೆಯಾದ ಮೇಲೆ ಬೆರಳು ನೋಡಿಕೊಂಡ. ಮೂಸಿ ನೋಡಿದ.

“ಇದ್ಯಾರ ಹಣ್ಣು?”

ಪೊನಿರಾ ಸೆಟೆದು ನಿಂತಳು. “ಕಂಪನೀದು.”

“ಕಳ್ಳ ಮುಂಡೇರಾ! ನಾಳೆ ಕಂಪನಿ ಆಫೀಸ್ನಾಗೆ ಸಣ್ಣ ದೊರೆ ಮುಂದೆ ನಿಲ್ಲಿಸ್ತೀನಿ. ಒಬ್ಬೊಬ್ರಿಗೂ ಮನೆ ಖಾಲಿ!”

“ನಿಲ್ಲಿಸಿ. ಕದ್ದ ಮಾಲು ಕೊಂಡೋರ ಹೆಸ್ರೂ ಬರೀಬೇಕಲ್ವಾ ಮೇಸ್ತ್ರಿ?” ಎಂದೆ. “ಚೂರು ಕೊಟ್ ಕೊಂಡಿದೀರಿ. ಊರೆಲ್ಲ ನೋಡೈತೆ.”

ಹಿಂದೆ ಯಾರೋ ಕಿಸಕ್ಕೆಂದರು. ತೋಹಿರ್ ತಟ್ಟೆ ಒಗೆದು ಜಗುಲಿಯ ಕೊನೆಗೆ ಹೋಗಿ, ಜೇಬಿನ ಪುಸ್ತಕ ತೆಗೆದು ಹೆಸರು ಬರೆಯಲು ನಿಂತ. ಹೊತ್ತು ಮುಳುಗಿತ್ತು. ಅಂಗಳದಲ್ಲಿ ಮಬ್ಬು, ದೀಪ ಇನ್ನೂ ಹಚ್ಚಿರಲಿಲ್ಲ. ನಾವು ಒಬ್ಬೊಬ್ಬರೇ ಮುಂದೆ ಹೋಗಿ ನಮ್ಮ ಹೆಸರು ಹೇಳಿದೆವು. ನನಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಮನೆ ಹೋದರೆ ಹೋಗಲು ಇನ್ನೊಂದು ಊರಿಲ್ಲ.

ಅಂಗಡಿಯ ಮಣೆಯ ಮೇಲಿಂದ, ಹತ್ತು ಹೆಜ್ಜೆ ದೂರದಿಂದ, ವರಿಯೆಂ ಕೂಗಿದಳು.

“ಮೇಸ್ತ್ರಿ, ಆರೇ ಸಾಲು ಬರ್ದು ಪುಸ್ತಕ ಮುಚ್ತಾ ಇದೀರಲ್ಲ. ತಿಂದೋಳು ನಾನು. ನನ್ನ ಹೆಸ್ರೂ ಬರೀರಿ.”

ಪೊನಿರಾ ತಟ್ಟನೆ ತಿರುಗಿದಳು. ಮೇಸ್ತ್ರಿಯನ್ನು ನೋಡಲಿಲ್ಲ, ಸೊಸೆಯನ್ನು ನೋಡಿದಳು.

“ಅದು ನಿಂಗೆ ಕಾಣ್ತದೇನೇ? ಅಲ್ಲಿಂದ? ಈ ಮಬ್ಬಲ್ಲಿ?”

ವರಿಯೆಂ ಕಣ್ಣುಜ್ಜಿಕೊಂಡು ಮತ್ತೆ ಪುಸ್ತಕದ ಕಡೆ ನೋಡಿದಳು. “ಕಾಣ್ತದೆ ಅತ್ತೆ,” ಎಂದಳು ಆಮೇಲೆ. “ಅವ್ರ ಮೀಸೆಗೆ ಅನ್ನ ಅಂಟ್ಕಂಡಿರೋದೂ ಕಾಣ್ತದೆ.”

ತೋಹಿರ್ ಮೀಸೆ ಒರೆಸಿಕೊಂಡು ಏಳನೇ ಹೆಸರು ಬರೆದ. ಪೊನಿರಾ ಅಳುತ್ತ ನಗುತ್ತ ಹೋಗಿ ತಪ್ಪಲೆ ಎತ್ತಿಕೊಂಡು ಬಂದು ಸೊಸೆಯ ಮುಂದೆ ಕುಕ್ಕಿದಳು.

“ತಿನ್ನು. ಎಂಟು ತುಂಬಾಕೆ ಇನ್ನೂ ಒಂದು ತಿಂಗ್ಳೈತೆ.”