ಎಡಸಾಲಿನ ಇಸ್ತ್ರಿಯಕ್ಕ

ಮೇಷ್ಟ್ರ ಕೈಯಲ್ಲೊಂದು ಅಡಿಕೋಲು. ಅದು ಎಡಕ್ಕೆ ವಾಲಿದರೆ ಎಡಸಾಲಿನ ಹನ್ನೊಂದು ಜನ ಒಂದೇ ದನಿಯಲ್ಲಿ ಪ್ರಶ್ನೆ ಕೇಳಬೇಕು, ಬಲಕ್ಕೆ ವಾಲಿದರೆ ಬಲಸಾಲಿನ ಹನ್ನೊಂದು ಜನ ಉತ್ತರ ಒದರಬೇಕು. ಹೊರಗಿನಿಂದ ದುಡಿಯಲು ಬಂದವರಿಗೆ ಈ ಊರಿನ ಭಾಷೆ ಕಲಿಸುವ ತರಗತಿ ಅದು. ಹತ್ತು ತಿಂಗಳಿಂದ ಹೀಗೇ ತೂಗಾಟ. ತಕ್ಕಡಿ ಮೇಷ್ಟ್ರು ಅಂತ ಹೆಸರು ಬಿದ್ದದ್ದು ಸುಮ್ಮನಲ್ಲ.

ಎಡಸಾಲಿನ ಮೂರನೇ ಬೆಂಚಿನಲ್ಲಿ ಇಸ್ತ್ರಿಯಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಹಾಸಿಗೆ ಬಟ್ಟೆಯ ಬಿಸಿ ಇನ್ನೂ ಅಂಗೈಯಲ್ಲಿರುವಾಗಲೇ ಓಡಿ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಕೆಲಸ ಖಾಲಿ ಇತ್ತು. ಭಾಷಾ ಪರೀಕ್ಷೆಯ ಸರ್ಟಿಫಿಕೇಟು ತಂದರೆ ಕುರ್ಚಿ ನಿನ್ನದು, ತಿಂಗಳ ಕೊನೆವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ, ಅಂದಿದ್ದರು. ಆರು ವರ್ಷದ ಉಗಿಯಿಂದ ಹೊರಬರಲು ಇದ್ದದ್ದು ಅದೊಂದೇ ಕಿಟಕಿ.

ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವುದು ಪರೀಕ್ಷಕರು, ಉತ್ತರ ಹೇಳಬೇಕಾದ್ದು ತಾನು ಎನ್ನುವುದು ಅವಳಿಗೆ ಹೊಳೆದದ್ದು ಎರಡು ವಾರ ಉಳಿದಿದ್ದಾಗ. ಅವಳ ನಾಲಿಗೆ ಒಂದೇ ಒಂದು ಉತ್ತರವನ್ನೂ ಹೊತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ನಾದಿನಿ ಕಿಸಕ್ಕನೆ ನಕ್ಕು, "ಅತ್ತಿಗೆ, ಮನೇಲೂ ನಿಮ್ಮದು ಬರೀ ಪ್ರಶ್ನೇನೇ. ಅಣ್ಣ ಹನ್ನೆರಡು ವರ್ಷದಿಂದ ಬಲಸಾಲಲ್ಲೇ ಕೂತಿದಾನೆ" ಅಂದಳು.

ಮಾರನೆಯ ದಿನ ಮೇಷ್ಟ್ರನ್ನು ಕೇಳಿದಳು: ಬಲಸಾಲಿಗೆ ಹೋಗಲಾ?

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಸಾಲು ಕೆಡಿಸಿದರೆ ಪದ್ಧತಿ ಕೆಡುತ್ತದೆ, ಪದ್ಧತಿ ಇಪ್ಪತ್ತೆರಡು ವರ್ಷದ್ದು, ನೀನು ಬಂದದ್ದು ಮೊನ್ನೆ ಎಂದರು. ಹೋಗಲಿ, ಲಾಂಡ್ರಿಗೆ ಈ ಭಾಷೆಯಲ್ಲಿ ಏನಂತಾರೆ ಅಂತಾದರೂ ಹೇಳಿ ಎಂದಳು. ಅದು ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಬಲಸಾಲಿನಲ್ಲಿ ಅವಳೆದುರಿನ ಬೆಂಚಿನ ಬ್ರೆಡ್ಡಣ್ಣ, ಮೂವತ್ತು ವರ್ಷದಿಂದ ಹಿಟ್ಟು ನಾದುತ್ತಿದ್ದ ಬೇಕರಿಯಾತ, ಮೊದಲ ದಿನವೇ ಎಲ್ಲಿ ಕೆಲಸ ಎಂಬ ಪ್ರಶ್ನೆಗೆ "ಬೇಕರಿ" ಎಂದು ಬಾಯಿಬಿಟ್ಟು ಅಡಿಕೋಲಿನಿಂದ ಬೆಂಚಿಗೆ ಏಟು ಹಾಕಿಸಿಕೊಂಡಿದ್ದ. ಆವತ್ತು ಮೇಷ್ಟ್ರು ಮೂಗಿನಲ್ಲಿ ಎಳೆದು ಹೇಳಿದ ಮಾತು ಈಗ ಮತ್ತೆ ಬಂತು.

"ನಿಜ ಬೇಡಮ್ಮಾ, ವಾಕ್ಯ ಬೇಕು. ಹೋಗು, ಕೂತ್ಕೋ."

ಹೋದಳು, ಕೂತಳು, ಕುದಿದಳು. ಅಂದಿನಿಂದ ಅಡಿಕೋಲು ಎಡಕ್ಕೆ ಬಂದಾಗ ಉಳಿದ ಹತ್ತು ಜನ ಪ್ರಶ್ನೆ ಕೇಳುತ್ತಿದ್ದರು, ಅವಳು ಬರೀ ತುಟಿ ಅಲ್ಲಾಡಿಸುತ್ತಿದ್ದಳು. ಕಿವಿಯನ್ನು ಮಾತ್ರ ಬ್ರೆಡ್ಡಣ್ಣನ ಬಾಯಿಗೇ ನೆಟ್ಟಿದ್ದಳು. ಲಾಂಡ್ರಿಯಲ್ಲಿ ಅವಳು ದೊಡ್ಡ ಡಾಕ್ಟರ ಕೆಮ್ಮಿನಿಂದ ಹಿಡಿದು ಲಿಫ್ಟಿನ ನರಳಾಟದವರೆಗೆ ಎಲ್ಲವನ್ನೂ ಅಣಕಿಸಿ ಹೆಂಗಸರನ್ನು ಹೊಟ್ಟೆ ಹಿಡಿದು ನಗಿಸುವವಳು. ಕೇಳಿದ್ದನ್ನು ಮಡಿಕೆ ಬೀಳದಂತೆ ಒತ್ತಿಡುವ ಕಿವಿ. ಇಸ್ತ್ರಿ ಮಾಡುತ್ತಾ ಬ್ರೆಡ್ಡಣ್ಣನ ಉತ್ತರಗಳನ್ನು ಹಾಗ್ಹಾಗೇ ಹೇಳಿಕೊಂಡಳು: ಅವನ ಗೊರಗೊರ ಗಂಟಲು, ವಾಕ್ಯದ ನಡುವೆ ಉಸಿರೆಳೆಯುವ ಸುಯ್ ಸಮೇತ.

ಪರೀಕ್ಷೆ ತರಗತಿಯಲ್ಲೇ ನಡೆಯಿತು. ಪರೀಕ್ಷಕಿ ಚಪ್ಪಟೆ ಬ್ಯಾಗಿನ, ಚಪ್ಪಟೆ ಮುಖದ ಹೆಂಗಸು. ಮೇಷ್ಟ್ರು ಬಲಸಾಲಿನವರನ್ನು ಮೊದಲು ಕಳಿಸಿದರು. ಅವರು ಒಬ್ಬೊಬ್ಬರಾಗಿ ಬ್ಯಾಂಕಿನಲ್ಲಿ ಕೆಲಸ ಮಾಡಿ ಪಾಸಾದರು. ಎಡಸಾಲಿನ ಮೊದಲಿಬ್ಬರು ಪ್ರಶ್ನೆ ಕಿವಿಗೆ ಬಿದ್ದೊಡನೆ ಅಭ್ಯಾಸಬಲದಿಂದ ಬಲಕ್ಕೆ ತಿರುಗಿ ಉತ್ತರಕ್ಕೆ ಕಾದರು. ಕಾದೇ ಫೇಲಾದರು.

ಇಸ್ತ್ರಿಯಕ್ಕನ ಸರದಿ ಬಂದಾಗ ಮೇಷ್ಟ್ರು ಅವಳಿಗೆ ಕೇಳುವಂತೆಯೇ ಪರೀಕ್ಷಕಿಗೆ ಹೇಳಿದರು, ಇವಳೊಬ್ಬಳು ಸ್ವಲ್ಪ ಮಂದ, ಹೆಚ್ಚು ಹೊತ್ತು ಹಾಳುಮಾಡಿಕೊಳ್ಳಬೇಡಿ ಎಂದು.

ನೀವು ಎಲ್ಲಿ ಕೆಲಸ ಮಾಡುತ್ತೀರಿ ಎಂದು ಆ ಭಾಷೆಯಲ್ಲಿ ಪ್ರಶ್ನೆ ಬಂತು. ಅವಳು ಸುಯ್ ಎಂದು ಉಸಿರೆಳೆದಳು.

"ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ."

ಸಾಕ್ಷಾತ್ ಬ್ರೆಡ್ಡಣ್ಣ. ಬಲಸಾಲಿನಲ್ಲಿ ಯಾರೋ ನಗು ನುಂಗಿದರು. ಬ್ರೆಡ್ಡಣ್ಣ ತನ್ನ ಗಂಟಲು ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ, ತನಗೊಬ್ಬ ಹೆಂಡತಿ, ಇಬ್ಬರು ಗಂಡುಮಕ್ಕಳು ಎಂದಳು. ವಯಸ್ಸು ಐವತ್ತೆರಡು. ಭಾನುವಾರ ಹೆಂಡತಿಯ ಜೊತೆ ಉದ್ಯಾನಕ್ಕೆ ಹೋಗುತ್ತೇನೆ ಎಂದಳು. ಒಂದು ಅಕ್ಷರ ಎಡವಲಿಲ್ಲ.

ಪರೀಕ್ಷಕಿ ಅರ್ಜಿ ತಿರುವಿದರು. ಲಾಂಡ್ರಿ. ಮೂವತ್ತಾರು. ಗಂಡ, ಒಬ್ಬಳು ಮಗಳು.

ಮೇಷ್ಟ್ರಿಗೆ ಹಬ್ಬ. ಎದ್ದು ನಿಂತು, ಇದು ಪರೀಕ್ಷೆಗೇ ಅವಮಾನ, ಹಸೀ ಸುಳ್ಳು, ಬ್ಯಾಂಕಂತೆ, ಹೆಂಡತಿಯಂತೆ, ಇವಳನ್ನು ಈಗಲೇ ಫೇಲು ಮಾಡಿ ಎಂದು ಅಡಿಕೋಲಿನಿಂದ ಮೇಜು ಕುಟ್ಟಿದರು.

ಇಸ್ತ್ರಿಯಕ್ಕ ನಿಧಾನಕ್ಕೆ ಅವರ ಕಡೆ ತಿರುಗಿದಳು. ಇಲ್ಲದ ಕನ್ನಡಕವನ್ನು ಬೆರಳಿಂದ ಮೂಗಿನ ತುದಿಗೆ ಇಳಿಸಿ, ಅದೇ ಮೂಗಿನಲ್ಲಿ ಎಳೆದಳು.

"ನಿಜ ಬೇಡಮ್ಮಾ, ವಾಕ್ಯ ಬೇಕು."

ಇಡೀ ಕೋಣೆ ಮೇಷ್ಟ್ರ ಮುಖ ನೋಡಿತು. ಎಡವೂ ನೋಡಿತು, ಬಲವೂ ನೋಡಿತು.

"ಇದು ಯಾರ ಮಾತು?" ಪರೀಕ್ಷಕಿ ಕೇಳಿದರು.

ಮೇಷ್ಟ್ರ ಅಡಿಕೋಲು ಯಾವ ಕಡೆಗೂ ವಾಲಲಿಲ್ಲ. ಪರೀಕ್ಷಕಿ ಕಾಗದ ನೋಡಿದರು. "ಉಚ್ಚಾರಣೆಗೆ ಕಾಲಮ್ಮಿದೆ. ವಾಕ್ಯಕ್ಕಿದೆ. ಸುಳ್ಳಿಗೆ ಇಲ್ಲ, ಮೇಷ್ಟ್ರೇ. ನಿಮ್ಮ ಬಲಸಾಲಿನ ಹನ್ನೊಂದು ಜನ ಬ್ಯಾಂಕಿನವರೂ ಪಾಸಾಗಿದಾರೆ. ಇವರನ್ನ ಫೇಲು ಮಾಡಿದ್ರೆ ಅವರನ್ನೂ ಮಾಡಬೇಕು. ಮಾಡಲಾ?"

ಹನ್ನೊಂದು ಜೊತೆ ಕಣ್ಣು ಮೇಷ್ಟ್ರನ್ನು ಸುಟ್ಟವು. ಅವರು ಕೂತರು.

ಸರ್ಟಿಫಿಕೇಟಿಗೆ ಮೇಷ್ಟ್ರ ಸಹಿಯೂ ಬೇಕಿತ್ತು. ಕಾಗದ ಹರಿಯುವಂತೆ ಗೀಚಿ, ಅವಳ ಕೈಗೆ ಕೊಡದೆ ಮೇಜಿನ ತುದಿಗೆ ತಳ್ಳಿದರು. ಅದು ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು, ಧೂಳು ಕೊಡವಿದಳು, ಅಂಗೈಯಿಂದ ಒತ್ತಿ ಸುಕ್ಕು ಬಿಡಿಸಿದಳು. ಬಾಗಿಲವರೆಗೆ ಹೋದವಳು ನಿಂತು, ಈ ಬಾರಿ ತನ್ನದೇ ದನಿಯಲ್ಲಿ, ಏಳನೇ ಪಾಠದ ಪ್ರಶ್ನೆಯನ್ನು ಆ ಊರಿನ ಭಾಷೆಯಲ್ಲೇ ಕೇಳಿದಳು.

"ಮಹಾಶಯರೇ, ತಮಗೆ ಸಂತೋಷವಾಯಿತೇ?"

ಮೇಷ್ಟ್ರು ದಡಕ್ಕನೆ ಎದ್ದರು. ಸಿಟ್ಟಿಗೆ ಅವರ ಕೈಯಲ್ಲಿನ ಅಡಿಕೋಲು ಅವರಿಗರಿವಿಲ್ಲದೆ ಬಲಕ್ಕೆ ವಾಲಿತು.

"ಹೌದು, ಬಹಳ ಸಂತೋಷವಾಯಿತು," ಎಂದರು ಬಲಸಾಲಿನ ಹನ್ನೊಂದು ಜನ, ಒಂದೇ ದನಿಯಲ್ಲಿ.